ಗೆದ್ದರೂ ಸಿಗದ ಕುರ್ಚಿ: ವಿಕ್ಟರ್ ಬರ್ಗರ್ ಮತ್ತು ಮಿಲ್ವಾಕಿಯ ಮತದಾರರು

1919ರ ಮೇ 19. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ, ಅಂದರೆ ಪ್ರತಿನಿಧಿ ಸಭೆ, ಅಂದು ಹೊಸ ಅವಧಿಯ ಮೊದಲ ಅಧಿವೇಶನಕ್ಕೆ ಸೇರಿತ್ತು. ಮೊದಲ ಮಹಾಯುದ್ಧ ಮುಗಿದು ಆರು ತಿಂಗಳಾಗಿತ್ತು. ಆಯ್ಕೆಯಾಗಿ ಬಂದವರು ಪ್ರಮಾಣವಚನಕ್ಕೆ ಸಿದ್ಧರಾಗಿದ್ದರು. ಆಗ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೆಡರಿಕ್ ಡಾಲಿಂಜರ್ ಎದ್ದು ನಿಂತು, ವಿಸ್ಕಾನ್ಸಿನ್‌ನ ಐದನೇ ಕ್ಷೇತ್ರದಿಂದ ಗೆದ್ದು ಬಂದಿರುವ ವಿಕ್ಟರ್ ಬರ್ಗರ್ ಅವರಿಗೆ ಪ್ರಮಾಣ ಬೋಧಿಸಕೂಡದು ಎಂದು ಆಕ್ಷೇಪ ಎತ್ತಿದರು. ಸ್ಪೀಕರ್ ಫ್ರೆಡರಿಕ್ ಜಿಲೆಟ್, ಬರ್ಗರ್ ಅವರನ್ನು ಪಕ್ಕಕ್ಕೆ ಸರಿದು ನಿಲ್ಲುವಂತೆ ಕೇಳಿಕೊಂಡರು. ಐವತ್ತೊಂಬತ್ತು ವರ್ಷದ ಬರ್ಗರ್ ಸರಿದು ನಿಂತರು. ಉಳಿದವರೆಲ್ಲ ಪ್ರಮಾಣ ಸ್ವೀಕರಿಸಿ ತಮ್ಮ ತಮ್ಮ ಜಾಗದಲ್ಲಿ ಕುಳಿತರು.

ಆ ದಿನ ಖಾಲಿ ಉಳಿದ ಕುರ್ಚಿ ಮುಂದಿನ ಎರಡು ವರ್ಷ ಖಾಲಿಯಾಗಿಯೇ ಉಳಿಯಿತು. ಅದನ್ನು ತುಂಬಲು ಮಿಲ್ವಾಕಿಯ ಮತದಾರರು ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಗೆಲ್ಲಿಸಿದರು. ಸಭೆ ಎರಡು ಸಲವೂ ಬಾಗಿಲು ಮುಚ್ಚಿತು. ಬರ್ಗರ್ ಅವರ ಬದುಕಿನಲ್ಲಿ ಮೆಚ್ಚಬೇಕಾದದ್ದೂ ಇದೆ, ಒಪ್ಪಲಾಗದ್ದೂ ಇದೆ. ಆದರೆ ಈ ಎರಡು ವರ್ಷಗಳ ಕಥೆಯ ನಿಜವಾದ ನಾಯಕರು ಅವರನ್ನು ಮತ್ತೆ ಮತ್ತೆ ಕಳುಹಿಸಿದ ಮತದಾರರು. ಶಾಸನಸಭೆಯ ಕುರ್ಚಿ ಯಾರದ್ದು, ಒಳಗೆ ಕುಳಿತವರದ್ದೋ ಹೊರಗಿನಿಂದ ಕಳುಹಿಸುವವರದ್ದೋ ಎಂಬ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯಗಳು ಉತ್ತರ ಹೇಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಮಿಲ್ವಾಕಿಯ ಜನ ಅದನ್ನು ಅಂದೇ ಹೇಳಿದ್ದರು.

ಮೇಷ್ಟ್ರು ಸಂಪಾದಕರಾದದ್ದು

ಬರ್ಗರ್ ಹುಟ್ಟಿದ್ದು 1860ರ ಫೆಬ್ರುವರಿ 28ರಂದು, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಸಾಮ್ರಾಜ್ಯದಲ್ಲಿ, ಜರ್ಮನ್ ಮಾತನಾಡುವ ಯಹೂದಿ ಕುಟುಂಬದಲ್ಲಿ. ಬುಡಾಪೆಸ್ಟ್ ಮತ್ತು ವಿಯೆನ್ನಾದ ವಿಶ್ವವಿದ್ಯಾಲಯಗಳಲ್ಲಿ ಓದಿದರು. 1878ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಬಂದು ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಬಳಿ ನೆಲೆಸಿತು. ಮೂರು ವರ್ಷಗಳ ನಂತರ ತರುಣ ವಿಕ್ಟರ್ ಪಶ್ಚಿಮಕ್ಕೆ ಹೊರಟು ಮಿಷಿಗನ್ ಸರೋವರದ ದಡದ ಮಿಲ್ವಾಕಿ ನಗರಕ್ಕೆ ಬಂದರು. ಆಮೇಲೆ ಅವರಿಗೆ ಅದೇ ಊರಾಯಿತು.

ಆ ಕಾಲದ ಮಿಲ್ವಾಕಿ ಅಮೆರಿಕದೊಳಗಿನ ಜರ್ಮನ್ ಪಟ್ಟಣ. ಜರ್ಮನ್ ಪತ್ರಿಕೆಗಳು, ಜರ್ಮನ್ ನಾಟಕಶಾಲೆ, ಜರ್ಮನ್ ಗರಡಿ ಸಂಘಗಳು, ಪ್ಯಾಬ್ಸ್ಟ್ ಮತ್ತು ಷ್ಲಿಟ್ಜ್‌ನಂಥ ದೊಡ್ಡ ಬಿಯರ್ ಕಾರ್ಖಾನೆಗಳು ಅಲ್ಲಿದ್ದವು. ಪೋಲೆಂಡಿನಿಂದ ಬಂದ ಕೂಲಿಕಾರ್ಮಿಕರೂ ದೊಡ್ಡ ಸಂಖ್ಯೆಯಲ್ಲಿದ್ದರು. ಬರ್ಗರ್ ಅಲ್ಲಿನ ಶಾಲೆಗಳಲ್ಲಿ ಜರ್ಮನ್ ಕಲಿಸಿದರು. 1892ರಲ್ಲಿ ಮೇಷ್ಟ್ರ ಕೆಲಸ ಬಿಟ್ಟು ಜರ್ಮನ್ ಭಾಷೆಯ ಸಮಾಜವಾದಿ ದಿನಪತ್ರಿಕೆಯೊಂದರ ಸಂಪಾದಕರಾದರು. 1897ರಲ್ಲಿ ತಮ್ಮ ಹಿಂದಿನ ವಿದ್ಯಾರ್ಥಿನಿ ಮೆಟಾ ಷ್ಲಿಷ್ಟಿಂಗ್ ಅವರನ್ನು ಮದುವೆಯಾದರು. ಮೆಟಾ ಮುಂದೆ ಸ್ವಂತ ಬಲದಿಂದಲೇ ರಾಜಕಾರಣಿಯಾದರು. 1909ರಲ್ಲಿ ಮಿಲ್ವಾಕಿ ಶಾಲಾ ಮಂಡಳಿಗೆ ಆಯ್ಕೆಯಾಗಿ ಮೂವತ್ತು ವರ್ಷ ಅಲ್ಲಿ ದುಡಿದರು.

ಅಮೆರಿಕದ ಸಮಾಜವಾದಿ ಚಳವಳಿಯ ಅತಿ ದೊಡ್ಡ ಹೆಸರು ಯೂಜೀನ್ ಡೆಬ್ಸ್. 1894ರ ಪುಲ್‌ಮನ್ ರೈಲ್ವೆ ಮುಷ್ಕರದ ನಂತರ ಡೆಬ್ಸ್ ಇಲಿನಾಯ್ ರಾಜ್ಯದ ವುಡ್‌ಸ್ಟಾಕ್ ಜೈಲಿನಲ್ಲಿದ್ದಾಗ ಬರ್ಗರ್ ಹೋಗಿ ಅವರನ್ನು ಕಂಡು ಮಾರ್ಕ್ಸ್‌ನ ‘ಬಂಡವಾಳ’ವನ್ನು ಕೊಟ್ಟು ಬಂದರು. ತಾನು ಸಮಾಜವಾದಿಯಾದ ಬಗೆಯನ್ನು ಬರೆಯುವಾಗ ಡೆಬ್ಸ್ ಈ ಭೇಟಿಯನ್ನು ನೆನೆದಿದ್ದಾರೆ. 1901ರಲ್ಲಿ ಅಮೆರಿಕದ ಸಮಾಜವಾದಿ ಪಕ್ಷ ಹುಟ್ಟಿದಾಗ ಇಬ್ಬರೂ ಅದರ ಮುಂಚೂಣಿಯಲ್ಲಿದ್ದರು. ಆದರೆ ಸ್ವಭಾವದಲ್ಲಿ ಅಜಗಜಾಂತರ. ಡೆಬ್ಸ್ ವೇದಿಕೆಯೇರಿದರೆ ಸಾವಿರಾರು ಜನ ಮೈಮರೆಯುತ್ತಿದ್ದರು. ಬರ್ಗರ್‌ಗೆ ಭಾಷಣಕ್ಕಿಂತ ಮತದಾರರ ಪಟ್ಟಿಯ ಮೇಲೆ ನಂಬಿಕೆ. ಕ್ರಾಂತಿ ಒಂದು ದಿನ ಬಂದು ಎಲ್ಲವನ್ನೂ ಸರಿಮಾಡುತ್ತದೆ ಎಂದು ಅವರು ನಂಬಿರಲಿಲ್ಲ. ಚುನಾವಣೆ ಗೆಲ್ಲಬೇಕು, ಕಾನೂನು ಬದಲಿಸಬೇಕು, ಮುಂದಿನ ಚುನಾವಣೆಗೆ ಸಿದ್ಧರಾಗಬೇಕು ಎಂಬುದು ಅವರ ದಾರಿ. ಪಕ್ಷದೊಳಗಿನ ಉಗ್ರವಾದಿಗಳು ಇದನ್ನು ಹೇಡಿತನ ಎಂದರು. ಬರ್ಗರ್ ಜಗ್ಗಲಿಲ್ಲ. ಸ್ವಭಾವತಃ ಹಠಮಾರಿ, ತಮ್ಮ ಮಾತೇ ಸರಿ ಎನ್ನುವವರು.

ಮಿಲ್ವಾಕಿಯಲ್ಲಿ ಈ ದಾರಿ ಫಲ ಕೊಟ್ಟದ್ದು ಹೇಗೆ ಎಂದು ತಿಳಿಯಲು ಅಲ್ಲಿನ ಭಾನುವಾರದ ಬೆಳಗನ್ನು ನೋಡಬೇಕು. ಚುನಾವಣೆ ಹತ್ತಿರವಾದಾಗ ಪಕ್ಷದ ಕಾರ್ಯಕರ್ತರು, ಹೆಚ್ಚಿನವರು ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದವರೇ, ನಸುಕಿನಲ್ಲೇ ಎದ್ದು ಕರಪತ್ರಗಳ ಕಟ್ಟು ಹೊತ್ತು ಹೊರಡುತ್ತಿದ್ದರು. ಯಾವ ಮನೆಯಲ್ಲಿ ಯಾವ ಭಾಷೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಜರ್ಮನ್ ಮನೆಯ ಬಾಗಿಲಿಗೆ ಜರ್ಮನ್ ಕರಪತ್ರ, ಪೋಲಿಷ್ ಮನೆಗೆ ಪೋಲಿಷ್, ಉಳಿದವರಿಗೆ ಇಂಗ್ಲಿಷ್. ಕೂಲಿ ಇಲ್ಲದೆ ನಡೆದ ಕೆಲಸ ಇದು. ಉಳಿದ ಪಕ್ಷಗಳು ಹಣ ಸುರಿದರೂ ಇಂಥ ಪಡೆಯನ್ನು ಕಟ್ಟಲಾಗಲಿಲ್ಲ.

1910ರ ಏಪ್ರಿಲ್‌ನಲ್ಲಿ ಸಮಾಜವಾದಿ ಎಮಿಲ್ ಸೈಡೆಲ್ ಮಿಲ್ವಾಕಿಯ ಮೇಯರ್ ಆದರು. ಮರಗೆತ್ತನೆ ಕೆಲಸದಿಂದ ಮೇಲೆ ಬಂದ ಸೈಡೆಲ್ ಅವರಿಗೆ ಕಾರ್ಯದರ್ಶಿಯಾಗಿದ್ದವರು, ಮುಂದೆ ಕವಿಯಾಗಿ ಹೆಸರಾದ ಕಾರ್ಲ್ ಸ್ಯಾಂಡ್‌ಬರ್ಗ್. ಒಳಚರಂಡಿ, ಉದ್ಯಾನ, ಸಾರ್ವಜನಿಕ ಆರೋಗ್ಯ, ಲಂಚವಿಲ್ಲದ ಕಚೇರಿ ಇವೇ ಮಿಲ್ವಾಕಿ ಸಮಾಜವಾದಿಗಳ ಹೆಗ್ಗಳಿಕೆ. ಇದೇ ಕಾರಣಕ್ಕೆ ಮುಂದೆ ಅವರಿಗೆ ‘ಚರಂಡಿ ಸಮಾಜವಾದಿಗಳು’ ಎಂಬ ಹೆಸರು ಅಂಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಬರ್ಗರ್ ಪ್ರತಿನಿಧಿ ಸಭೆಗೆ ಗೆದ್ದರು. ಕಾಂಗ್ರೆಸ್ ಪ್ರವೇಶಿಸಿದ ಮೊದಲ ಸಮಾಜವಾದಿ ಅವರೇ.

ಸಭೆಯಲ್ಲಿ ಒಬ್ಬಂಟಿ

1911ರ ಏಪ್ರಿಲ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಬರ್ಗರ್ ಪಕ್ಷದ ಏಕೈಕ ಸದಸ್ಯ. ಮಸೂದೆ ಮಂಡಿಸಬಹುದಿತ್ತು, ಪಾಸು ಮಾಡಿಸುವ ಬಲವಿರಲಿಲ್ಲ. ಬಂದ ತಿಂಗಳೇ ಸೆನೆಟ್ ಅನ್ನು ರದ್ದುಪಡಿಸಬೇಕೆಂಬ ನಿರ್ಣಯ ಮಂಡಿಸಿದರು. ಆಗ ಸೆನೆಟರುಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ರಾಜ್ಯಗಳ ಶಾಸಕರು ಆರಿಸುತ್ತಿದ್ದರು. ಮೇಲ್ಮನೆ ಶ್ರೀಮಂತರ ಕೂಟವಾಗಿದೆ ಎಂಬ ಕೋಪ ದೇಶದಲ್ಲೆಲ್ಲ ಇತ್ತು. ನಿರ್ಣಯ ಬಿದ್ದುಹೋಯಿತು. ಎರಡು ವರ್ಷಗಳಲ್ಲಿ ಸಂವಿಧಾನದ 17ನೇ ತಿದ್ದುಪಡಿ ಸೆನೆಟರುಗಳ ಆಯ್ಕೆಯನ್ನು ಜನರ ಕೈಗೆ ಕೊಟ್ಟಿತು.

1911ರಲ್ಲೇ ಬರ್ಗರ್ ವೃದ್ಧಾಪ್ಯ ಪಿಂಚಣಿಯ ಮಸೂದೆ ತಂದರು. ಜೀವಮಾನವಿಡೀ ದುಡಿದು ಅರವತ್ತು ದಾಟಿದ ಬಡವರಿಗೆ ಸರ್ಕಾರವೇ ವಾರಕ್ಕಿಷ್ಟು ಹಣ ಕೊಡಬೇಕು ಎಂಬ ಪ್ರಸ್ತಾಪ. ನ್ಯಾಯಾಲಯಗಳು ಇಂಥ ಕಾನೂನನ್ನು ಹೊಡೆದುಹಾಕುತ್ತವೆಂದು ಬಲ್ಲ ಅವರು, ಇದರ ಸಿಂಧುತ್ವವನ್ನು ಕೋರ್ಟುಗಳು ಪ್ರಶ್ನಿಸಕೂಡದು ಎಂಬ ಕಲಮನ್ನೂ ಸೇರಿಸಿದ್ದರು. ಆಗ ಅದು ಹುಚ್ಚು ಮಾತಾಗಿ ಕಂಡಿತು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಸಾಮಾಜಿಕ ಭದ್ರತಾ ಕಾಯ್ದೆಯನ್ನು ತಂದಾಗ ಮುಪ್ಪಿನ ಆಸರೆ ಅಮೆರಿಕದ ಕಾನೂನಾಯಿತು. ಬರ್ಗರ್ ತೀರಿಹೋಗಿ ಆಗ ಆರು ವರ್ಷವಾಗಿತ್ತು.

ಒಬ್ಬಂಟಿ ಸದಸ್ಯನಿಗೂ ಒಂದು ಆಯುಧವಿದೆ, ಅದು ದೇಶದ ಕಣ್ಣನ್ನು ಒಂದು ಕಡೆಗೆ ತಿರುಗಿಸುವುದು. 1912ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಆರಂಭವಾಯಿತು. ಹೆಂಗಸರು ಮತ್ತು ಮಕ್ಕಳ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಜಾರಿಗೆ ಬಂದಾಗ ಗಿರಣಿ ಮಾಲೀಕರು ಕೂಲಿಯನ್ನೂ ಕಡಿತ ಮಾಡಿದ್ದರು. ಹತ್ತಾರು ದೇಶಗಳಿಂದ ಬಂದ ಕಾರ್ಮಿಕರು ಕೊರೆವ ಚಳಿಯಲ್ಲಿ ಬೀದಿಗಿಳಿದರು. ಮನೆಯಲ್ಲಿ ಒಲೆ ಉರಿಯದಾದಾಗ ಮಕ್ಕಳನ್ನು ಬೇರೆ ಊರುಗಳ ಬೆಂಬಲಿಗರ ಮನೆಗೆ ಕಳುಹಿಸತೊಡಗಿದರು. ಫೆಬ್ರುವರಿ 24ರಂದು ರೈಲು ನಿಲ್ದಾಣದಲ್ಲಿ ಪೊಲೀಸರು ಅಂಥ ತಾಯಂದಿರ ಮತ್ತು ಮಕ್ಕಳ ಮೇಲೆಯೇ ಲಾಠಿ ಬೀಸಿದರು.

ಈ ಮುಷ್ಕರವನ್ನು ನಡೆಸುತ್ತಿದ್ದವರು ಐಡಬ್ಲ್ಯುಡಬ್ಲ್ಯು ಎಂಬ ಉಗ್ರ ಕಾರ್ಮಿಕ ಸಂಘಟನೆಯವರು. ಬರ್ಗರ್‌ಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅವರು ಸಭೆಯಲ್ಲಿ ನಿರ್ಣಯ ಮಂಡಿಸಿ ಲಾರೆನ್ಸ್ ಕುರಿತು ವಿಚಾರಣೆ ನಡೆಯುವಂತೆ ಮಾಡಿದರು. ಮಾರ್ಚ್ ಮೊದಲ ವಾರ ಗಿರಣಿಯ ಮಕ್ಕಳೇ ವಾಷಿಂಗ್ಟನ್ನಿಗೆ ಬಂದು ಸಮಿತಿಯ ಮುಂದೆ ಕುಳಿತರು.

ಅವರಲ್ಲಿ ಇಟಲಿ ಮೂಲದ ಕಮೆಲಾ ಟಿಯೋಲಿ ಎಂಬ ಹುಡುಗಿಯೂ ಇದ್ದಳು. ಗಿರಣಿಗೆ ಸೇರಿದಾಗ ಅವಳಿಗೆ ಕಾನೂನು ಹೇಳುವ ಹದಿನಾಲ್ಕು ತುಂಬಿರಲಿಲ್ಲ. ಒಬ್ಬ ಮನುಷ್ಯ ಮನೆಗೆ ಬಂದು ತಂದೆಯಿಂದ ನಾಲ್ಕು ಡಾಲರ್ ಪಡೆದು ಅವಳ ವಯಸ್ಸು ಹದಿನಾಲ್ಕು ಎಂಬ ಕಾಗದ ತರಿಸಿಕೊಟ್ಟಿದ್ದ. ಕೆಲಸಕ್ಕೆ ಸೇರಿದ ಸ್ವಲ್ಪ ಕಾಲಕ್ಕೇ ಅವಳ ಕೂದಲು ಯಂತ್ರಕ್ಕೆ ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂತು. ಏಳು ತಿಂಗಳು ಆಸ್ಪತ್ರೆ. ಆಸ್ಪತ್ರೆಯ ಖರ್ಚನ್ನು ಕಂಪನಿ ಕೊಟ್ಟಿತು, ಆ ತಿಂಗಳುಗಳ ಕೂಲಿ ಕೊಡಲಿಲ್ಲ. ಮುಷ್ಕರಕ್ಕೆ ಯಾಕೆ ಸೇರಿದೆ ಎಂದು ಸಮಿತಿ ಕೇಳಿದಾಗ, ಮನೆಯಲ್ಲಿ ಊಟಕ್ಕೆ ಸಾಲುತ್ತಿರಲಿಲ್ಲ ಎಂದಳು. ಅಧ್ಯಕ್ಷ ಟಾಫ್ಟ್ ಅವರ ಪತ್ನಿ ಹೆಲೆನ್ ಟಾಫ್ಟ್ ಕೂಡ ಬಂದು ಈ ಸಾಕ್ಷ್ಯಗಳನ್ನು ಕೇಳಿಸಿಕೊಂಡರು. ಪತ್ರಿಕೆಗಳೆಲ್ಲ ಬರೆದವು. ವಿಚಾರಣೆ ಮುಗಿದ ಕೆಲವೇ ದಿನಗಳಲ್ಲಿ, ಮಾರ್ಚ್ 14ರಂದು, ಕೂಲಿ ಹೆಚ್ಚಿಸುವ ಒಪ್ಪಂದದೊಂದಿಗೆ ಕಾರ್ಮಿಕರು ಮುಷ್ಕರ ನಿಲ್ಲಿಸಿದರು. ಮುಷ್ಕರ ಗೆದ್ದದ್ದು ಕಾರ್ಮಿಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಕ್ಕಳ ದನಿ ದೇಶಕ್ಕೆ ಕೇಳಿಸಿದ್ದು ಸಭೆಯಲ್ಲಿ ಅವರ ಪರವಾಗಿ ಒಬ್ಬನಿದ್ದದ್ದರಿಂದ.

ಅದೇ ವರ್ಷ ಸಿಯಾಟಲ್‌ನ ನ್ಯಾಯಾಧೀಶ ಕಾರ್ನೆಲಿಯಸ್ ಹ್ಯಾನ್‌ಫರ್ಡ್, ಒಬ್ಬ ವಲಸಿಗನ ಪೌರತ್ವವನ್ನು ಆತನ ಸಮಾಜವಾದಿ ನಿಲುವಿನ ಕಾರಣಕ್ಕೆ ರದ್ದುಮಾಡಿದರು. ಬರ್ಗರ್ ಆ ನ್ಯಾಯಾಧೀಶರ ವಿರುದ್ಧ ಮಹಾಭಿಯೋಗದ ನಿರ್ಣಯ ತಂದರು. ತನಿಖೆ ನಡೆಯುತ್ತಿದ್ದಾಗಲೇ ಹ್ಯಾನ್‌ಫರ್ಡ್ ರಾಜೀನಾಮೆ ಕೊಟ್ಟರು.

ಬರ್ಗರ್ ಅವರ ಕರುಣೆಗೆ ಒಂದು ಗಡಿಯಿತ್ತು, ಅದನ್ನು ಮುಚ್ಚಿಟ್ಟರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. 1902ರಲ್ಲಿ ತಮ್ಮ ಪತ್ರಿಕೆಯಲ್ಲಿ ಅವರು ಕಪ್ಪು ಜನರನ್ನು ಕೀಳು ಜನಾಂಗ ಎಂದು ಬರೆದರು. ಏಷ್ಯಾದ ಕಾರ್ಮಿಕರನ್ನು ಅಮೆರಿಕಕ್ಕೆ ಬಿಡಕೂಡದೆಂದು ಪಕ್ಷದ ಸಮಾವೇಶಗಳಲ್ಲಿ ವಾದಿಸಿದರು. ತಾನೇ ವಲಸಿಗನಾಗಿದ್ದವರು, ಪೌರತ್ವ ಕಳೆದುಕೊಂಡ ಸಂಗಾತಿಗಾಗಿ ಹೋರಾಡಿದವರು, ಏಷ್ಯಾದ ಬಡವನನ್ನು ಕಾರ್ಮಿಕ ಬಂಧುವಾಗಿ ಕಾಣಲಿಲ್ಲ. ಆ ಕಾಲದ ಅನೇಕರು ಹೀಗೆಯೇ ಯೋಚಿಸುತ್ತಿದ್ದರು ಎಂಬುದು ನಿಜ. ಅದೇ ಪಕ್ಷದಲ್ಲಿ ಡೆಬ್ಸ್ ಹಾಗೆ ಯೋಚಿಸಲಿಲ್ಲ ಎಂಬುದೂ ಅಷ್ಟೇ ನಿಜ.

1912ರ ಚುನಾವಣೆಯಲ್ಲಿ ಬರ್ಗರ್ ಅವರನ್ನು ವಿಲಿಯಂ ಸ್ಟ್ಯಾಫರ್ಡ್ ಸೋಲಿಸಿದರು. ಮುಂದಿನ ಆರು ವರ್ಷ ಅವರು ಸಭೆಯ ಹೊರಗಿದ್ದರು.

ಯುದ್ಧದ ಜ್ವರ

1917ರ ಏಪ್ರಿಲ್ 6ರಂದು ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ವಿಸ್ಕಾನ್ಸಿನ್‌ನ 11 ಪ್ರತಿನಿಧಿಗಳಲ್ಲಿ 9 ಮಂದಿ ಯುದ್ಧದ ವಿರುದ್ಧ ಮತ ಹಾಕಿದ್ದರು. ಮರುದಿನವೇ ಸೇಂಟ್ ಲೂಯಿಸ್‌ನಲ್ಲಿ ಸೇರಿದ ಸಮಾಜವಾದಿ ಪಕ್ಷ, ಇದು ಬಂಡವಾಳಗಾರರ ಲಾಭಕ್ಕಾಗಿ ನಡೆಯುವ ಯುದ್ಧ, ಇದನ್ನು ವಿರೋಧಿಸುತ್ತೇವೆ ಎಂದು ಘೋಷಿಸುವ ಹಾದಿ ಹಿಡಿಯಿತು. ಬರ್ಗರ್ ಆ ನಿಲುವಿಗೆ ಅಂಟಿಕೊಂಡರು. 1911ರ ಡಿಸೆಂಬರ್‌ನಲ್ಲಿ ಅವರು ಆರಂಭಿಸಿದ್ದ ‘ಮಿಲ್ವಾಕಿ ಲೀಡರ್’ ಎಂಬ ಇಂಗ್ಲಿಷ್ ದಿನಪತ್ರಿಕೆ ದಿನವೂ ಅದನ್ನೇ ಬರೆಯಿತು.

ಜೂನ್‌ನಲ್ಲಿ ಬೇಹುಗಾರಿಕೆ ಕಾಯ್ದೆ ಬಂತು. ಹೆಸರು ಬೇಹುಗಾರರದ್ದಾದರೂ ಪೆಟ್ಟು ಬಿದ್ದದ್ದು ಮಾತನಾಡುವವರ ಮತ್ತು ಬರೆಯುವವರ ಮೇಲೆ. ಸೇನಾ ನೇಮಕಾತಿಗೆ ಅಡ್ಡಿ ಮಾಡಿದವರಿಗೆ, ಸೈನಿಕರಲ್ಲಿ ಅವಿಧೇಯತೆ ಹುಟ್ಟಿಸಿದವರಿಗೆ 20 ವರ್ಷದವರೆಗೆ ಜೈಲು. ಅಂಚೆ ಇಲಾಖೆಗೂ ಈ ಕಾಯ್ದೆ ದೊಡ್ಡ ಅಧಿಕಾರ ಕೊಟ್ಟಿತ್ತು. ಆಗ ಪತ್ರಿಕೆಗಳು ಊರಾಚೆಯ ಓದುಗರನ್ನು ತಲುಪುತ್ತಿದ್ದದ್ದು ರಿಯಾಯಿತಿ ಅಂಚೆ ದರದಿಂದ. ಅದನ್ನು ಕಿತ್ತುಕೊಂಡರೆ ಪ್ರತಿ ಸಂಚಿಕೆಗೂ ಹಲವು ಪಟ್ಟು ದುಡ್ಡು ತೆರಬೇಕು, ಅಂದರೆ ಪತ್ರಿಕೆ ಸಾಯಬೇಕು. 1917ರ ಅಕ್ಟೋಬರ್‌ನಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಆಲ್ಬರ್ಟ್ ಬರ್ಲೆಸನ್ ಲೀಡರ್‌ನ ರಿಯಾಯಿತಿ ರದ್ದುಮಾಡಿದರು. ಮರುವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲೀಡರ್ ಕಚೇರಿಯ ವಿಳಾಸಕ್ಕೆ ಬಂದ ಪತ್ರಗಳನ್ನೂ ತಡೆಹಿಡಿದರು. ಚಂದಾ ಹಣ ಕಳುಹಿಸಿದವರ ಲಕೋಟೆಗಳು ಬೇಹುಗಾರಿಕೆ ಕಾಯ್ದೆಯ ಮುದ್ರೆ ಹೊತ್ತು ಅವರ ಮನೆಗೇ ಹಿಂದಿರುಗಿದವು. ಸಂಪಾದಕರು ಬರೆದದ್ದು ಓದುಗರಿಗೆ ತಲುಪದು, ಓದುಗರು ಬರೆದದ್ದು ಸಂಪಾದಕರಿಗೆ ತಲುಪದು. ಮಿಲ್ವಾಕಿ ನಗರದೊಳಗೆ ಹುಡುಗರು ಬೀದಿಯಲ್ಲಿ ಹಂಚುವ ಪ್ರತಿಗಳಿಂದ, ಕಾರ್ಮಿಕ ಸಂಘಗಳ ದೇಣಿಗೆಯಿಂದ ಪತ್ರಿಕೆ ಉಸಿರು ಹಿಡಿದುಕೊಂಡಿತು.

1918ರ ಏಪ್ರಿಲ್‌ನಲ್ಲಿ ಸೆನೆಟ್‌ನ ಉಪಚುನಾವಣೆ ಬಂತು. ಬರ್ಗರ್ ಸ್ಪರ್ಧಿಸಿದರು. ಯುದ್ಧ ಎಂದರೆ ನರಕ, ಅದನ್ನು ತಂದದ್ದು ಬಂಡವಾಳಶಾಹಿ, ಸಮಾಜವಾದಿಗಳು ಕೇಳುವುದು ಶಾಂತಿ ಎಂದು ದಪ್ಪಕ್ಷರದಲ್ಲಿ ಬರೆದ ಫಲಕಗಳು ಅವರ ಹೆಸರು, ಲೀಡರ್‌ನ ಹೆಸರು ಹೊತ್ತು ನಿಂತವು. ಪ್ರಚಾರದ ನಡುವೆಯೇ, ಲೀಡರ್‌ನ ಸಂಪಾದಕೀಯಗಳನ್ನು ಮುಂದಿಟ್ಟುಕೊಂಡು ಸರ್ಕಾರ ಬೇಹುಗಾರಿಕೆ ಕಾಯ್ದೆಯಡಿ ಅವರ ಮೇಲೆ ಮತ್ತು ಪಕ್ಷದ ಇನ್ನೂ ನಾಲ್ವರ ಮೇಲೆ ಹೂಡಿದ್ದ ಮೊಕದ್ದಮೆ ಬಹಿರಂಗವಾಯಿತು. ಆದರೂ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಜನ ಅವರಿಗೆ ಮತ ಕೊಟ್ಟರು. ಗೆಲುವು ಸಿಗಲಿಲ್ಲ. ನವೆಂಬರ್‌ನಲ್ಲಿ, ಕದನವಿರಾಮಕ್ಕೆ ಕೆಲವೇ ದಿನ ಮುಂಚೆ, ಐದನೇ ಕ್ಷೇತ್ರದ ಮತದಾರರು ಅವರನ್ನು ಪ್ರತಿನಿಧಿ ಸಭೆಗೆ ಗೆಲ್ಲಿಸಿದರು. ಆರೋಪ ಏನೆಂದು ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಆರಿಸಿದರು.

ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ವಿಚಾರಣೆ ಆರಂಭವಾಯಿತು. ನ್ಯಾಯಪೀಠದಲ್ಲಿದ್ದವರು ಕೆನೆಸಾ ಮೌಂಟನ್ ಲ್ಯಾಂಡಿಸ್. ಜರ್ಮನ್ ಮೂಲದ ಅಮೆರಿಕನ್ನರ ಬಗ್ಗೆ ಈ ನ್ಯಾಯಾಧೀಶರು ಪೂರ್ವಗ್ರಹದ ಮಾತಾಡಿದ್ದಾರೆ, ಆದ್ದರಿಂದ ಹಿಂದೆ ಸರಿಯಬೇಕು ಎಂದು ಆರೋಪಿಗಳು ಪ್ರಮಾಣಪತ್ರ ಸಲ್ಲಿಸಿದರು. ಲ್ಯಾಂಡಿಸ್ ಅದನ್ನು ತಳ್ಳಿಹಾಕಿ ತಾವೇ ವಿಚಾರಣೆ ನಡೆಸಿದರು. 1919ರ ಜನವರಿ 8ರಂದು ಐವರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಫೆಬ್ರುವರಿ 20ರಂದು ಬಂದ ಶಿಕ್ಷೆ ತಲಾ 20 ವರ್ಷ. ಬರ್ಗರ್ ಅವರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಲು ಕಾನೂನಿನಲ್ಲಿ ಅವಕಾಶ ಇಲ್ಲದ್ದಕ್ಕೆ ತನಗೆ ವಿಷಾದವಿದೆ ಎಂದು ಲ್ಯಾಂಡಿಸ್ ಆಮೇಲೆ ಹೇಳಿದ್ದು ವರದಿಯಾಯಿತು. ಆರೋಪಿಗಳು ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಬಂದರು.

ಒಂದೇ ಒಂದು ಮತ

ಬರ್ಗರ್ ಅವರನ್ನು ಹೊರಗಿಡಲು ಸಭೆ ಆಧಾರವಾಗಿ ಹಿಡಿದದ್ದು ಸಂವಿಧಾನದ 14ನೇ ತಿದ್ದುಪಡಿಯ ಮೂರನೇ ಕಲಮು. ಅಂತರ್ಯುದ್ಧದ ನಂತರ 1868ರಲ್ಲಿ ಅಂಗೀಕಾರವಾದ ಈ ಕಲಮಿನ ಉದ್ದೇಶ ದಕ್ಷಿಣದ ಬಂಡಾಯಗಾರರನ್ನು ದೂರವಿಡುವುದು. ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿ, ಆಮೇಲೆ ದಂಗೆಯೆದ್ದವರು ಅಥವಾ ಶತ್ರುಗಳಿಗೆ ನೆರವು ನೀಡಿದವರು ಮತ್ತೆ ಅಧಿಕಾರ ಹಿಡಿಯಕೂಡದು ಎಂಬುದು ಅದರ ಸಾರ. ಬರ್ಗರ್ 1911ರಲ್ಲಿ ಸದಸ್ಯರಾಗಿ ಆ ಪ್ರಮಾಣ ಮಾಡಿದ್ದರು. ಅಂದು ಮಾಡಿದ ಪ್ರಮಾಣವೇ ಈಗ ಅವರಿಗೆ ಉರುಳಾಯಿತು. ಬಂದೂಕು ಹಿಡಿದವರಿಗಾಗಿ ಮಾಡಿದ ಕಲಮನ್ನು ಸಂಪಾದಕೀಯ ಬರೆದವರ ಮೇಲೆ ಬಳಸಲಾಯಿತು.

ಡಾಲಿಂಜರ್ ಅಧ್ಯಕ್ಷತೆಯ ಸಮಿತಿ ತಿಂಗಳುಗಟ್ಟಲೆ ವಿಚಾರಣೆ ನಡೆಸಿತು. ಈ ನಡುವೆ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸೇಂಟ್ ಲೂಯಿಸ್‌ನಲ್ಲಿ ಭಾಷಣ ಮಾಡುತ್ತ, ಆಧುನಿಕ ಯುದ್ಧದ ಬೀಜ ಕೈಗಾರಿಕೆ ಮತ್ತು ವ್ಯಾಪಾರದ ಪೈಪೋಟಿಯಲ್ಲಿದೆ ಎಂಬರ್ಥದ ಮಾತಾಡಿದರು. ಎರಡು ವರ್ಷ ಹಿಂದೆ ಅದೇ ಊರಿನಲ್ಲಿ ಸಮಾಜವಾದಿಗಳು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

1919ರ ನವೆಂಬರ್ 10ರಂದು ಸಭೆ ಮತಕ್ಕೆ ಹಾಕಿತು. ಬರ್ಗರ್ ಎದ್ದು ತಮ್ಮ ಪರವಾಗಿ ತಾವೇ ಮಾತಾಡಿದರು. ಕ್ಷಮೆ ಕೇಳಲಿಲ್ಲ, ಬರೆದದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಅವರನ್ನು ಹೊರಗಿಡಬೇಕೆಂದು ಮುನ್ನೂರಕ್ಕೂ ಹೆಚ್ಚು ಸದಸ್ಯರು ಮತ ಹಾಕಿದರು. ಕೂಡದು ಎಂದವರು ಒಬ್ಬರೇ, ವಿಸ್ಕಾನ್ಸಿನ್‌ನ ರಿಪಬ್ಲಿಕನ್ ಸದಸ್ಯ ಎಡ್ವರ್ಡ್ ವೋಯ್ಟ್. ಜರ್ಮನಿಯಲ್ಲೇ ಹುಟ್ಟಿದ್ದ ವೋಯ್ಟ್‌ಗೆ ಆ ದಿನಗಳಲ್ಲಿ ಇದು ಸುಲಭದ ಮತವಾಗಿರಲಿಲ್ಲ.

ಡಿಸೆಂಬರ್ 19ಕ್ಕೆ ಉಪಚುನಾವಣೆ ನಿಗದಿಯಾಯಿತು. ರಿಪಬ್ಲಿಕನ್ನರು ಮತ್ತು ಡೆಮಾಕ್ರಾಟರು ತಮ್ಮ ಹಳೆಯ ಜಗಳ ಮರೆತು ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸಿದರು. ದೇಶನಿಷ್ಠೆಯ ಪರೀಕ್ಷೆ ಎಂದು ಪತ್ರಿಕೆಗಳು ಸಾರಿದವು. ಎಣಿಕೆ ಮುಗಿದಾಗ ಬರ್ಗರ್ ಗೆದ್ದಿದ್ದರು, ಅದೂ ಹಿಂದಿಗಿಂತ ಹೆಚ್ಚು ಮತ ಪಡೆದು. ಒಂದು ವರ್ಷದ ಹಿಂದೆ ಅವರಿಗೆ ಮತ ಹಾಕದ ಸಾವಿರಾರು ಜನ ಈಗ ಹಾಕಿದ್ದರು. ಅವರೆಲ್ಲ ರಾತ್ರೋರಾತ್ರಿ ಸಮಾಜವಾದಿಗಳಾಗಿರಲಾರರು. ತಮ್ಮ ಪ್ರತಿನಿಧಿಯನ್ನು ವಾಷಿಂಗ್ಟನ್ನಿನವರು ಆರಿಸುವುದು ಬೇಡ ಎಂಬ ಸ್ವಾಭಿಮಾನ ಅದರಲ್ಲಿ ದೊಡ್ಡ ಪಾಲಾಗಿತ್ತು ಎಂದೇ ನಾನು ತಿಳಿಯುತ್ತೇನೆ.

ದೇಶದ ಹವಾ ಆಗ ಇನ್ನಷ್ಟು ಕೆಟ್ಟಿತ್ತು. 1920ರ ಜನವರಿ 2ರಂದು ಅಟಾರ್ನಿ ಜನರಲ್ ಮಿಚೆಲ್ ಪಾಮರ್ ಅವರ ಆದೇಶದಂತೆ ಹತ್ತಾರು ನಗರಗಳಲ್ಲಿ ದಾಳಿ ನಡೆದು ಸಾವಿರಾರು ವಲಸಿಗರು, ಎಡಪಂಥೀಯರು ಬಂಧನಕ್ಕೊಳಗಾದರು. 7ರಂದು ನ್ಯೂಯಾರ್ಕ್ ರಾಜ್ಯದ ಶಾಸನಸಭೆ ತನ್ನ ಐವರು ಸಮಾಜವಾದಿ ಸದಸ್ಯರನ್ನು ಅಮಾನತು ಮಾಡಿತು. 10ರಂದು ಬರ್ಗರ್ ಮತ್ತೆ ಪ್ರತಿನಿಧಿ ಸಭೆಗೆ ಬಂದರು. ಸಭೆ ಮತ್ತೆ ತಿರಸ್ಕರಿಸಿತು. ಈ ಸಲ 330 ಮತ ವಿರುದ್ಧ, 6 ಪರ. ಪರವಾಗಿ ನಿಂತವರಲ್ಲಿ ವೋಯ್ಟ್ ಜೊತೆಗೆ ರಿಪಬ್ಲಿಕನ್ ಹಿರಿಯ ಜೇಮ್ಸ್ ಮ್ಯಾನ್ ಇದ್ದರು. ಬರ್ಗರ್ ಅವರ ವಿಚಾರ ಮ್ಯಾನ್‌ಗೆ ಒಂದಿಷ್ಟೂ ಹಿಡಿಸದು. ಜನ ತಮಗೆ ಬೇಕಾದವರನ್ನು ಆರಿಸುವ ಹಕ್ಕು ಉಳಿಯದಿದ್ದರೆ ಪ್ರಾತಿನಿಧಿಕ ಸರ್ಕಾರವೇ ಉಳಿಯದು ಎಂಬುದು ಅವರ ವಾದ. ವಿರೋಧಿಯ ಹಕ್ಕಿಗಾಗಿ ಆಡಿದ ಈ ಮಾತಿಗೆ ಆ ವರ್ಷದ ನೂರಾರು ದೇಶಭಕ್ತಿಯ ಭಾಷಣಗಳಿಗಿಂತ ಹೆಚ್ಚು ತೂಕವಿದೆ.

ಸಮಾಜವಾದಿಗಳು ಮೂರನೇ ಸಲವೂ ಬರ್ಗರ್ ಅವರನ್ನೇ ನಿಲ್ಲಿಸಲು ಸಿದ್ಧರಾಗಿದ್ದರು. ಇನ್ನೊಂದು ಉಪಚುನಾವಣೆ ನಡೆಯಲೇ ಇಲ್ಲ. 1921ರ ಮಾರ್ಚ್‌ವರೆಗೆ ಐದನೇ ಕ್ಷೇತ್ರಕ್ಕೆ ಪ್ರತಿನಿಧಿಯೇ ಇರಲಿಲ್ಲ.

ಇದರ ನಷ್ಟ ಎಂಥದ್ದು ಎಂದು ಆ ಅವಧಿಯ ಕಲಾಪವನ್ನು ನೋಡಿದರೆ ತಿಳಿಯುತ್ತದೆ. ಬರ್ಗರ್ ಪಕ್ಕಕ್ಕೆ ಸರಿದು ನಿಂತ ಎರಡೇ ದಿನಕ್ಕೆ, 1919ರ ಮೇ 21ರಂದು, ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ತಿದ್ದುಪಡಿಯನ್ನು ಸಭೆ ಅಂಗೀಕರಿಸಿತು. ಅದೇ ವರ್ಷ ಪಾನನಿಷೇಧ ಜಾರಿಯ ವೋಲ್‌ಸ್ಟೆಡ್ ಕಾಯ್ದೆ ಪಾಸಾಯಿತು. ಅಧ್ಯಕ್ಷರ ನಿರಾಕರಣೆಯನ್ನೂ ಮೀರಿ ಅಕ್ಟೋಬರ್‌ನಲ್ಲಿ ಅದು ಕಾನೂನಾಯಿತು. ಬಿಯರ್ ಕಾರ್ಖಾನೆಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದ ಮಿಲ್ವಾಕಿಯ ಸಾವಿರಾರು ಕುಟುಂಬಗಳ ಒಲೆಗೆ ನೀರು ಹೊಯ್ದ ಕಾನೂನು ಅದು. ಅದರ ಚರ್ಚೆಯಲ್ಲಿ ಆ ನಗರದ ಒಂದು ಭಾಗಕ್ಕೆ ದನಿಯೂ ಇರಲಿಲ್ಲ, ಮತವೂ ಇರಲಿಲ್ಲ. ಶಿಕ್ಷೆ ಬರ್ಗರ್ ಒಬ್ಬರಿಗೆ ಎಂದು ಸಭೆ ತಿಳಿದಿತ್ತು. ಅದನ್ನು ಅನುಭವಿಸಿದ್ದು ಇಡೀ ಕ್ಷೇತ್ರ.

ಮರಳಿ ಬಂದದ್ದು

1920ರ ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ದೇಶದಾದ್ಯಂತ ಬೀಸಿದ ರಿಪಬ್ಲಿಕನ್ ಅಲೆಯಲ್ಲಿ ಬರ್ಗರ್ ಸೋತರು. ಸುಮಾರು ಮೂರು ತಿಂಗಳ ಬಳಿಕ, 1921ರ ಜನವರಿ 31ರಂದು, ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಪಕ್ಷಪಾತದ ಪ್ರಮಾಣಪತ್ರ ಸಲ್ಲಿಕೆಯಾದ ಮೇಲೆ ಲ್ಯಾಂಡಿಸ್ ವಿಚಾರಣೆ ಮುಂದುವರಿಸಬಾರದಿತ್ತು ಎಂಬುದು ತೀರ್ಪು. ಸಂಪಾದಕೀಯ ಬರೆಯುವುದು ಅಪರಾಧವೇ ಎಂಬ ಮೂಲ ಪ್ರಶ್ನೆಯನ್ನು ಕೋರ್ಟ್ ಮುಟ್ಟಲಿಲ್ಲ. ಮಾರ್ಚ್‌ನಲ್ಲಿ ಅದೇ ಕೋರ್ಟ್ ಲೀಡರ್‌ನ ಅಂಚೆ ಮೊಕದ್ದಮೆಯಲ್ಲಿ ಸರ್ಕಾರದ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳಾದ ಲೂಯಿಸ್ ಬ್ರಾಂಡೈಸ್ ಮತ್ತು ಆಲಿವರ್ ವೆಂಡೆಲ್ ಹೋಮ್ಸ್ ಒಪ್ಪಲಿಲ್ಲ. ನಾಲಿಗೆಯನ್ನು ಬಳಸುವ ಹಕ್ಕಿನಷ್ಟೇ ಅಂಚೆಯನ್ನು ಬಳಸುವ ಹಕ್ಕೂ ವಾಕ್ ಸ್ವಾತಂತ್ರ್ಯಕ್ಕೆ ಮುಖ್ಯ ಎಂಬುದು ಹೋಮ್ಸ್ ವಾದದ ತಿರುಳು. ಕೊನೆಗೆ ಹೊಸ ಸರ್ಕಾರ ಬಂದು ಲೀಡರ್‌ಗೆ ಅಂಚೆ ರಿಯಾಯಿತಿ ಮರಳಿ ಕೊಟ್ಟಿತು, ಬರ್ಗರ್ ಮೇಲಿನ ಮೊಕದ್ದಮೆಗಳನ್ನೂ ಕೈಬಿಡಲಾಯಿತು.

1922ರಲ್ಲಿ ಐದನೇ ಕ್ಷೇತ್ರ ಬರ್ಗರ್ ಅವರನ್ನು ಮತ್ತೆ ಗೆಲ್ಲಿಸಿತು. 1923ರ ಡಿಸೆಂಬರ್‌ನಲ್ಲಿ ಅಧಿವೇಶನ ಸೇರಿದಾಗ ಅವರು ಪ್ರಮಾಣ ಸ್ವೀಕರಿಸಿ ಕುಳಿತರು. ನಾಲ್ಕು ವರ್ಷದ ಹಿಂದೆ ದೇಶದ್ರೋಹಿ ಎಂದು ಹೊರಗಟ್ಟಿದ್ದ ಸಭೆ ಈಗ ಸುಮ್ಮನೆ ಒಳಗೆ ಬಿಟ್ಟುಕೊಂಡಿತು. ಬರ್ಗರ್ ತಮ್ಮ ನಿಲುವಿನ ಒಂದಕ್ಷರವನ್ನೂ ಬದಲಿಸಿರಲಿಲ್ಲ. 1924 ಮತ್ತು 1926ರಲ್ಲೂ ಗೆದ್ದರು. ವೃದ್ಧಾಪ್ಯ ಪಿಂಚಣಿ, ನಿರುದ್ಯೋಗ ವಿಮೆ, ಸಾರ್ವಜನಿಕ ವಸತಿ, ವರ್ಸೇಲ್ಸ್ ಒಪ್ಪಂದದ ಪರಿಷ್ಕರಣೆ ಹೀಗೆ ಹಳೆಯ ಹಟವನ್ನೇ ಮುಂದುವರಿಸಿದರು. 1928ರಲ್ಲಿ ಹಳೆಯ ಎದುರಾಳಿ ಸ್ಟ್ಯಾಫರ್ಡ್ ಎದುರು ಸೋತು ಪತ್ರಿಕೆಯ ಮೇಜಿಗೆ ಮರಳಿದರು. 1929ರ ಜುಲೈನಲ್ಲಿ ಮಿಲ್ವಾಕಿಯ ಬೀದಿಯಲ್ಲಿ ಟ್ರಾಮ್ ಢಿಕ್ಕಿ ಹೊಡೆದು ತೀವ್ರವಾಗಿ ಗಾಯಗೊಂಡರು. ಆಗಸ್ಟ್ 7ರಂದು ತೀರಿಕೊಂಡರು. ನಗರಸಭೆಯ ಕಟ್ಟಡದಲ್ಲಿ ಪಾರ್ಥಿವ ಶರೀರವನ್ನಿಟ್ಟಾಗ ಸಾವಿರಾರು ಜನ ಸಾಲುಗಟ್ಟಿ ಬಂದು ಕೊನೆಯ ದರ್ಶನ ಪಡೆದರು.

ಬರ್ಗರ್ ಪ್ರಕರಣ ಎತ್ತಿದ ಪ್ರಶ್ನೆ ಅವರೊಂದಿಗೆ ಮಣ್ಣಾಗಲಿಲ್ಲ. 1966ರ ಜನವರಿ 10ರಂದು, ಸರಿಯಾಗಿ 46 ವರ್ಷಗಳ ನಂತರ ಅದೇ ತಾರೀಖಿಗೆ, ಜಾರ್ಜಿಯಾ ರಾಜ್ಯದ ಶಾಸನಸಭೆ ಜೂಲಿಯನ್ ಬಾಂಡ್ ಎಂಬ ಕಪ್ಪು ಯುವಕನಿಗೆ ಪ್ರಮಾಣವಚನ ನಿರಾಕರಿಸಿತು. ಕಾರಣ ವಿಯೆಟ್ನಾಂ ಯುದ್ಧದ ವಿರುದ್ಧದ ಹೇಳಿಕೆಗೆ ಆತ ಕೊಟ್ಟ ಬೆಂಬಲ. ಬಾಂಡ್ ಕ್ಷೇತ್ರದ ಮತದಾರರೂ ಮಿಲ್ವಾಕಿಯವರಂತೆಯೇ ಉಪಚುನಾವಣೆಯಲ್ಲಿ ಆತನನ್ನೇ ಮತ್ತೆ ಗೆಲ್ಲಿಸಿದರು, ಸಭೆಯ ಸಮಿತಿ ಮತ್ತೆ ತಿರಸ್ಕರಿಸಿತು. ಈ ಬಾರಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಗೇ ಕೈಹಾಕಿತು. ಸರ್ಕಾರದ ನೀತಿಯನ್ನು ಟೀಕಿಸುವ ಹಕ್ಕು ಸಾಮಾನ್ಯ ಪ್ರಜೆಗೆ ಎಷ್ಟಿದೆಯೋ ಶಾಸಕನಿಗೂ ಅಷ್ಟೇ ಇದೆ ಎಂದು ಅದೇ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 1969ರಲ್ಲಿ ಹಾರ್ಲೆಮ್‌ನ ಪ್ರತಿನಿಧಿ ಆಡಮ್ ಕ್ಲೇಟನ್ ಪೊವೆಲ್ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ವಯಸ್ಸು, ಪೌರತ್ವ, ವಾಸ ಇವೇ ಮೊದಲಾಗಿ ಸಂವಿಧಾನ ಹೇಳಿದ ಅರ್ಹತೆಗಳಿದ್ದು ಜನರಿಂದ ಆಯ್ಕೆಯಾದವರನ್ನು ಪ್ರತಿನಿಧಿ ಸಭೆ ತನ್ನಿಷ್ಟದಂತೆ ಹೊರಗಿಡುವಂತಿಲ್ಲ ಎಂಬುದು ಅದರ ಸಾರ.

ಈ ಎರಡೂ ಗೆಲುವು ಸಿಕ್ಕಿದ್ದು ಕಪ್ಪು ನಾಯಕರಿಗೆ. ಅವರ ಪೂರ್ವಿಕರನ್ನು ಬರ್ಗರ್ ಒಮ್ಮೆ ಕೀಳು ಎಂದು ಬರೆದಿದ್ದರು. ಹಕ್ಕಿನ ಹೋರಾಟಗಳು ಎಷ್ಟೋ ಸಲ ಹೋರಾಡಿದವರ ಮನಸ್ಸಿಗಿಂತ ದೊಡ್ಡದಾಗಿ ಬೆಳೆಯುತ್ತವೆ. ಬರ್ಗರ್ ಅವರಂಥ ಒರಟ, ಪೂರ್ವಗ್ರಹಗಳಿದ್ದ, ಬಹುಮತಕ್ಕೆ ಅಪ್ರಿಯನಾದ ಮನುಷ್ಯನ ಕುರ್ಚಿಯನ್ನು ಕಾಪಾಡಲಾಗದ ಸಭೆ ಯಾರ ಕುರ್ಚಿಯನ್ನೂ ಕಾಪಾಡಲಾರದು. ಎಲ್ಲರಿಗೂ ಬೇಕಾದವರನ್ನು ಒಳಗೆ ಬಿಟ್ಟುಕೊಳ್ಳಲು ಯಾವ ಸಂವಿಧಾನವೂ ಬೇಡ. ಯುದ್ಧಜ್ವರದ ನಡುವೆ ಕೆಲವು ಸಾವಿರ ಕೂಲಿಕಾರರು, ಗುಮಾಸ್ತರು, ಅಂಗಡಿಯವರು ಈ ಮಾತನ್ನು ಅರ್ಥಮಾಡಿಕೊಂಡು ಎರಡನೇ ಸಲವೂ ಮತಗಟ್ಟೆಗೆ ಹೋದರು. ದೇಶದ ಅತಿ ದೊಡ್ಡ ಸಭೆ ಅರಿಯದ್ದನ್ನು ಅವರು ಅರಿತಿದ್ದರು. ಪ್ರಜಾಪ್ರಭುತ್ವದ ಚರಿತ್ರೆಯಲ್ಲಿ ನಾಯಕರ ಹೆಸರಿನ ಪಕ್ಕದಲ್ಲಿ ಆ ಮತದಾರರಿಗೂ ಜಾಗ ಕೊಡಬೇಕು.